ಮನೆ ಡಾಕ್ಟರಿಗೆ ಪಾಠ ಹೇಳುವವರು ಯಾರು?

ನಮ್ಮ ಕ್ಲಿನಿಕ್ಕುಗಳಲ್ಲಿ ಭಾನುವಾರವೇ ಹೆಚ್ಚು ಜನ. ಗೌರಿಬಿದನೂರು ತಾಲೂಕಿನ ಕುಡುಮಲಕುಂಟೆಗೆ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೀಗಾಗಿದೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ವಾರದಲ್ಲಿ ಒಂದೇ ದಿನ ರಜೆ. ಮಿಕ್ಕ ದಿನ ತಪ್ಪಿಸಿದರೆ ಸಂಬಳಕ್ಕೆ ಕತ್ತರಿ. ಆದ್ದರಿಂದ ಆರು ದಿನದ ಕೆಮ್ಮು, ತಲೆಸುತ್ತು, ಸೊಂಟನೋವು, ಹೇಳಿಕೊಳ್ಳಲಾಗದ ಸಂಕಟ ಎಲ್ಲವನ್ನೂ ಕಟ್ಟಿಟ್ಟುಕೊಂಡು ಅವರು ಭಾನುವಾರ ಬರುತ್ತಾರೆ. ವಿಪರ್ಯಾಸವೆಂದರೆ, ವೈದ್ಯರಿಗೆ ಪಾಠ ಹೇಳುವ ಸಭೆಗಳೂ ಭಾನುವಾರವೇ ನಡೆಯುತ್ತವೆ. ಬೆಂಗಳೂರಿನ ದೊಡ್ಡ ಡಾಕ್ಟರುಗಳಿಗೆ ಅಂದು ಬಿಡುವು. ಹಾಗಾಗಿ ನಾವು ಬಾಗಿಲಿಗೆ ‘ಇಂದು ಡಾಕ್ಟರ್ ಇರುವುದಿಲ್ಲ’ ಎಂದು ಚೀಟಿ ಅಂಟಿಸಿ ರೈಲು ಹತ್ತಬೇಕು.

ನಾವು ಎಂದರೆ ಈ ಕಡೆ ಎಂ.ಬಿ.ಬಿ.ಎಸ್. ಮುಗಿಸಿ, ಸ್ಪೆಷಲಿಸ್ಟ್ ಆಗದೆ, ರಸ್ತೆ ಬದಿಯ ಎರಡು ಕೋಣೆಯ ಕ್ಲಿನಿಕ್ಕುಗಳಲ್ಲಿ ಕೂತಿರುವ ಏಳೆಂಟು ಮಂದಿ. ಅದರಲ್ಲಿ ಇಬ್ಬರು ಹೆಂಗಸರು. ಜನ ನಮ್ಮನ್ನು ‘ಮನೆ ಡಾಕ್ಟ್ರು’ ಎನ್ನುತ್ತಾರೆ. ಕನ್ನಡ, ತೆಲುಗು, ದಖ್ಖನಿ ಉರ್ದು ಮೂರರಲ್ಲೂ ರೋಗ ಕೇಳಿಸಿಕೊಳ್ಳುತ್ತೇವೆ. ತಾತನ ಬಿ.ಪಿ., ಸೊಸೆಯ ಬಸಿರು, ಮೊಮ್ಮಗನ ಭೇದಿ ಎಲ್ಲವೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ನಾವು ಕಾಲೇಜು ಬಿಟ್ಟು ಹದಿನೈದು, ಇಪ್ಪತ್ತೈದು ವರ್ಷಗಳಾದವು. ಅಂದು ಓದಿದ್ದರಲ್ಲಿ ಎಷ್ಟು ಈಗಲೂ ಸರಿ, ಎಷ್ಟು ತಪ್ಪೆಂದು ಸಾಬೀತಾಗಿದೆ ಎಂಬುದನ್ನು ಯಾರಾದರೂ ಹೇಳಬೇಕಲ್ಲವೇ? ಹೇಳದಿದ್ದರೆ ಅದರ ಬೆಲೆ ತೆರುವವರು ಬೆಂಚಿನ ಮೇಲೆ ಕೂತವರು.

ಇದು ಬರೀ ಮಾತಿಗೆ ಹೇಳಿದ್ದಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬುವರು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ತಗುಲಿದವರನ್ನು ಹುಡುಕಿ ಮಾತಾಡಿಸಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯವರು ಅಜ್ಞಾನಿಗಳು, ಕಾಯಿಲೆ ಬಂದರೂ ಡಾಕ್ಟರ ಬಳಿ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಗೊತ್ತಾದದ್ದೇ ಬೇರೆ. ರೋಗಲಕ್ಷಣವಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರ ಕಫ ಪರೀಕ್ಷೆ ನಡೆಯಲಿಲ್ಲ, ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ರೋಗಿ ತನ್ನ ಕೆಲಸ ಮಾಡಿದ್ದ, ಡಾಕ್ಟರಿಗೆ ತನ್ನ ಕೆಲಸ ಗೊತ್ತಿರಲಿಲ್ಲ. ಅರವತ್ತು ವರ್ಷದ ಹಿಂದಿನ ಈ ವರದಿಯನ್ನು ಓದಿದಾಗಲೆಲ್ಲ ನಮಗೆ ಎದೆ ಝಲ್ಲೆನ್ನುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಬರೆಯದೆ ಸಿರಪ್ ಬರೆದು ಕಳಿಸುವುದು ಇಂದಿಗೂ ನಿಂತಿಲ್ಲ.

ಡಾಕ್ಟರರು ಓದುತ್ತಲೇ ಇರಬೇಕೆಂದು ಸರ್ಕಾರಕ್ಕೂ ಗೊತ್ತಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ತಂದ ನೀತಿ ನಿಯಮಾವಳಿಯಲ್ಲಿ, ಪ್ರತಿಯೊಬ್ಬ ವೈದ್ಯನೂ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕು ಎಂದಿದೆ. ಬಾಯಿಮಾತಿನಲ್ಲಿ ಎಲ್ಲರೂ ಅದನ್ನು ಸಿ.ಎಂ.ಇ. ಎನ್ನುತ್ತಾರೆ. ಕರ್ನಾಟಕದಲ್ಲಿ ನೋಂದಣಿ ನವೀಕರಿಸಿಕೊಳ್ಳಲು ಈ ಗಂಟೆಗಳ ಲೆಕ್ಕ ತೋರಿಸಬೇಕು. ಐದು ವರ್ಷಕ್ಕೆ ಮೂವತ್ತು ಎಂದರೆ ವರ್ಷಕ್ಕೆ ಆರು ಗಂಟೆ, ಎರಡು ಸಿನಿಮಾ ನೋಡುವಷ್ಟು ಹೊತ್ತು! ಇದು ಹೆಚ್ಚಾಯಿತು ಎಂದು ಗೊಣಗುವ ಡಾಕ್ಟರುಗಳೂ ಇದ್ದಾರೆ. ನಮ್ಮ ತಕರಾರು ಗಂಟೆಯ ಬಗ್ಗೆ ಅಲ್ಲ. ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದರ ಬಗ್ಗೆ.

ನಾವು ಹೋದ ಒಂದು ಸಭೆಯನ್ನೇ ನೋಡಿ. ಯಲಹಂಕದಲ್ಲಿ ರೈಲಿಳಿದು ಆಟೋ ಹಿಡಿದು ಹೋಟೆಲು ಮುಟ್ಟುವಷ್ಟರಲ್ಲಿ ಹತ್ತೂವರೆ. ಬಾಗಿಲಲ್ಲಿ ಚೀಲ, ಪೆನ್ನು, ಒಂದು ಪ್ಯಾಡು. ಒಳಗೆ ಮಂಜಿನಂಥ ಎ.ಸಿ. ಮೊದಲ ಭಾಷಣ ರೋಬೋಟ್‌ನಿಂದ ಮಂಡಿ ಬದಲಿಸುವುದರ ಬಗ್ಗೆ. ಎರಡನೆಯದು ಹೃದಯದ ಕವಾಟವನ್ನು ತೊಡೆಯ ರಕ್ತನಾಳದ ಮೂಲಕ ಕೂರಿಸುವ ಬಗ್ಗೆ. ಮೂರನೆಯದು ಸಕ್ಕರೆ ಕಾಯಿಲೆಯ ಒಂದು ಹೊಸ ಮಾತ್ರೆಯ ಬಗ್ಗೆ. ಭಾಷಣಕಾರರೆಲ್ಲ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಭಾಷಣದ ಕೊನೆಗೂ ಆಸ್ಪತ್ರೆಯ ಫೋನ್ ನಂಬರು ತೆರೆಯ ಮೇಲೆ ಮೂಡುತ್ತಿತ್ತು. ‘ಇಂಥ ರೋಗಿ ಬಂದರೆ ತಡಮಾಡದೆ ನಮ್ಮಲ್ಲಿಗೆ ಕಳಿಸಿ’ ಎಂಬುದೇ ಪಾಠದ ಸಾರ. ಪ್ರಶ್ನೆಗೆ ಐದು ನಿಮಿಷ ಇಟ್ಟಿದ್ದರು, ಅದೂ ಸನ್ಮಾನದ ಶಾಲಿಗೆ ಹೋಯಿತು. ಮಧ್ಯಾಹ್ನದ ಊಟ ಮಾತ್ರ ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಇನ್ನು ಕೆಲವು ಸಭೆಗಳು ಸಂಜೆ ಏಳಕ್ಕೆ ಶುರುವಾಗಿ ಗ್ಲಾಸುಗಳ ಸದ್ದಿನಲ್ಲಿ ಮುಗಿಯುತ್ತವೆ. ಅಂಥ ಕಡೆಯಿಂದ ನಮ್ಮ ಮಹಿಳಾ ಸಹೋದ್ಯೋಗಿಗಳು ಬೇಗ ಎದ್ದು ಬರುತ್ತಾರೆ. ವೈದ್ಯರ ನಡುವೆ ನಿಜವಾದ ಮಾತುಕತೆ ನಡೆಯುವುದು ಆಮೇಲೆ. ಅದು ಅವರ ಪಾಲಿಗಿಲ್ಲ.

ಇದಕ್ಕೆಲ್ಲ ದುಡ್ಡು ಯಾರದ್ದು? ಔಷಧ ಕಂಪೆನಿಯದ್ದು, ಅಥವಾ ರೋಗಿಗಳನ್ನು ಬಯಸುವ ಆಸ್ಪತ್ರೆಯದ್ದು. ವೈದ್ಯರು ಕಂಪೆನಿಗಳಿಂದ ಉಡುಗೊರೆ ಪಡೆಯಬಾರದು, ಅವರ ಖರ್ಚಿನಲ್ಲಿ ಸಮ್ಮೇಳನಕ್ಕೆ ಪ್ರಯಾಣ ಮಾಡಬಾರದು ಎಂದು 2009ರ ಡಿಸೆಂಬರಿನಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಹೀಗೆ ಕೊಟ್ಟದ್ದನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಕೇಳುವಂತಿಲ್ಲ ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಹೇಳಿತು. ಹಳೆಯ ಪರಿಷತ್ತಿನ ಜಾಗಕ್ಕೆ 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ ಮೊದಲ ವಾರ ಇನ್ನೂ ಬಿಗಿಯಾದ ನಿಯಮಾವಳಿ ಪ್ರಕಟಿಸಿತು. ಕಂಪೆನಿಗಳು ಪ್ರಾಯೋಜಿಸಿದ ಇಂಥ ಸಭೆಗಳಲ್ಲಿ ವೈದ್ಯರು ಭಾಗವಹಿಸುವುದನ್ನೇ ಅದು ತಡೆಯಹೊರಟಿತ್ತು. ಅದೇ ತಿಂಗಳು 23ರಂದು ಅದನ್ನು ತಡೆಹಿಡಿದು 2002ರ ನಿಯಮವನ್ನೇ ಮತ್ತೆ ಊರ್ಜಿತಗೊಳಿಸಲಾಯಿತು. ಮೂರು ವಾರ ಮಾತ್ರ ಬಾಳಿದ ನಿಯಮ! 2024ರ ಮಾರ್ಚಿನಲ್ಲಿ ಔಷಧ ಕಂಪೆನಿಗಳಿಗೆಂದೇ ಕೇಂದ್ರ ಸರ್ಕಾರ ಒಂದು ಸಂಹಿತೆ ತಂದಿತು. ವೈದ್ಯರಿಗೆ ಪಾಠದ ಸಭೆ ನಡೆಸಲು ಅದರಲ್ಲಿ ಅವಕಾಶವಿದೆ, ವಿದೇಶದಲ್ಲಿ ನಡೆಸಲು ಇಲ್ಲ.

ನಮ್ಮ ಮಟ್ಟಿಗೆ ಹೇಳುವುದಾದರೆ, ಕುಡುಮಲಕುಂಟೆಯ ಡಾಕ್ಟರನ್ನು ಯಾರೂ ವಿದೇಶಕ್ಕೆ ಕರೆದೊಯ್ಯುವುದಿಲ್ಲ. ನಮಗೆ ಸಿಗುವುದು ಪೆನ್ನು ಮತ್ತು ಬಿರಿಯಾನಿ. ಆದರೆ ಸೋಮವಾರ ಬೆಳಗ್ಗೆ ಅದೇ ಪೆನ್ನಿನಲ್ಲಿ ಚೀಟಿ ಬರೆಯುವಾಗ ಕೈ ಯಾವ ಮಾತ್ರೆಯ ಹೆಸರಿನತ್ತ ಹೋಗುತ್ತದೆ ಎಂಬುದು ಕಂಪೆನಿಗೆ ಗೊತ್ತಿದೆ. ಅದು ನಮ್ಮ ಮೇಲೆ ಖರ್ಚು ಮಾಡುವುದು ಅದಕ್ಕಾಗಿ. ತಿಂಗಳಿಗೆ ನೂರು ರೂಪಾಯಿಯಲ್ಲಿ ಸಾಗುವ ಸಕ್ಕರೆ ಕಾಯಿಲೆಯ ಚಿಕಿತ್ಸೆ ಸಾವಿರದತ್ತ ಹೊರಟರೆ ಗಾರ್ಮೆಂಟ್ಸಿನ ಹೆಂಗಸು ಮೂರನೇ ತಿಂಗಳು ಮಾತ್ರೆಯನ್ನೇ ಬಿಡುತ್ತಾಳೆ.

ಇಂಥ ಭಾಷಣಗಳಿಂದ ಡಾಕ್ಟರರ ನಡವಳಿಕೆ ಬದಲಾಗುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. ಡೇವ್ ಡೇವಿಸ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿ 1999ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬರೆದರು. ಕೂತು ಕೇಳುವ ಉಪನ್ಯಾಸದಿಂದ ಡಾಕ್ಟರ ಚಿಕಿತ್ಸೆಯ ರೀತಿ ಬದಲಾಗುವುದು ಕಾಣುವುದಿಲ್ಲ, ಪ್ರಶ್ನೆ ಕೇಳಿ, ಚರ್ಚಿಸಿ, ಕೈಯಾರೆ ಮಾಡಿ ನೋಡುವ ಸಭೆಗಳಿಂದ ಬದಲಾಗಬಲ್ಲದು ಎಂಬುದು ಅವರ ತೀರ್ಮಾನ. ಮೇಷ್ಟ್ರ ಕೆಲಸ ಮಾಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನಮ್ಮದೇ ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನಲ್ಲಿ ವಿಜ್ಞಾನ ವೇದಿಕೆ ಕಟ್ಟಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವಿಡೀ ಹೇಳಿದವರು ಅವರು. ಅವರ ಊರಿನ ಪಕ್ಕದಲ್ಲಿದ್ದುಕೊಂಡು ನಾವು ಪ್ರಶ್ನೆಯಿಲ್ಲದ ಪಾಠಕ್ಕೆ ಸಹಿ ಹಾಕಿ ಬರುತ್ತೇವೆ.

ಅಲ್ಲಿ ಕೇಳಿದ್ದು ಇಲ್ಲಿ ಯಾವುದಕ್ಕೆ ಬರುತ್ತದೆ ಎಂಬುದು ಇನ್ನೊಂದು ಸಂಕಟ. ನಮ್ಮ ಕಡೆಯ ನೀರನ್ನೇ ತೆಗೆದುಕೊಳ್ಳಿ. ಉತ್ತರ ಪಿನಾಕಿನಿಯಲ್ಲಿ ನೀರು ಹರಿಯುವುದು ಅಪರೂಪ, ಕೆರೆಗಳು ಬತ್ತಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಆಳಕ್ಕಿಳಿದಷ್ಟೂ ಫ್ಲೋರೈಡ್ ಕಾಟ. ಕುಡಿಯುವ ನೀರಿನ ಲೀಟರಿಗೆ ಒಂದು ಮಿಲಿಗ್ರಾಂ ಸಾಕು, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ ಎಂಬುದು ಭಾರತೀಯ ಮಾನದಂಡ. ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರು ಇದನ್ನು ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ಐವತ್ತಕ್ಕೇ ಬೆನ್ನು ಮರಗಟ್ಟಿದ ರೈತ. ಅಂಥವನನ್ನು ‘ವಯಸ್ಸಾಯಿತಲ್ಲಪ್ಪ’ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಮಾತ್ರೆ ಅವನ ಮೂತ್ರಪಿಂಡವನ್ನೂ ತಿನ್ನುತ್ತದೆ. ನೆಲದ ಮೇಲಿನ ನಾಣ್ಯವನ್ನು ಮಂಡಿ ಮಡಿಸದೆ ಬಗ್ಗಿ ಎತ್ತಲು ಹೇಳುವುದು, ಗಲ್ಲವನ್ನು ಎದೆಗೆ ಮುಟ್ಟಿಸಲು ಹೇಳುವುದು, ಕೈಯನ್ನು ತಲೆಯ ಹಿಂದಕ್ಕೆ ಒಯ್ಯಲು ಹೇಳುವುದು – ಈ ಮೂರು ಆಗದಿದ್ದರೆ ಫ್ಲೋರೋಸಿಸ್ ಇರಬಹುದೆಂದು ಅನುಮಾನಿಸಿ ನೀರು, ಮೂತ್ರ ಪರೀಕ್ಷೆಗೆ ಕಳಿಸಬೇಕು. ಒಂದು ರೂಪಾಯಿ ನಾಣ್ಯದ ಪರೀಕ್ಷೆ. ಯಾವ ಹೋಟೆಲಿನ ಸಭೆಯಲ್ಲೂ ಇದನ್ನು ನಾವು ಕೇಳಲಿಲ್ಲ.

ಶಿಡ್ಲಘಟ್ಟದಿಂದ ನಮ್ಮಲ್ಲಿಗೆ ನೆಂಟರ ಮನೆಗೆಂದು ಬರುವವರು ಇನ್ನೊಂದು ಕಾಯಿಲೆ ತರುತ್ತಾರೆ. ಅಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳು ತುಂಬಾ ಇವೆ, ಅದರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಕುದಿನೀರಿನಲ್ಲಿ ಗೂಡು ಬೇಯುವ ಆವಿ, ಸತ್ತ ಹುಳದ ವಾಸನೆ, ಒಲೆಯ ಹೊಗೆ. ದಿನವಿಡೀ ಬಿಸಿನೀರಿನಲ್ಲಿ ನೆನೆದು ಬೆರಳಿನ ಚರ್ಮ ಸುಲಿದಿರುತ್ತದೆ. ನೂಲು ತೆಗೆಯುವ ಕೆಲಸಗಾರರಲ್ಲಿ ಉಬ್ಬಸ ಬರುತ್ತದೆ, ಅದಕ್ಕೆ ರೇಷ್ಮೆಯ ಅಲರ್ಜಿ ಕಾರಣ ಎಂಬುದನ್ನು 1980ರ ದಶಕದಲ್ಲೇ ಬೆಂಗಳೂರಿನ ಸಂಶೋಧಕರು ದಾಖಲಿಸಿದ್ದಾರೆ. ‘ಏನು ಕೆಲಸ ಮಾಡ್ತೀಯಮ್ಮಾ?’ ಎಂಬ ಒಂದು ಪ್ರಶ್ನೆ ಕೇಳದ ಡಾಕ್ಟರು ಆ ಉಬ್ಬಸವನ್ನು ಎಂದಿಗೂ ಹಿಡಿಯಲಾರ.

ಚೇಳಿನ ಕಥೆ ಇನ್ನೂ ಸ್ವಾರಸ್ಯದ್ದು. ಕೆಂಪು ಚೇಳು ಕಡಿದ ಮಗುವಿಗೆ ಬೆವರು ಸುರಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ವಾಂತಿಯಾಗುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣ ಹೋಗಬಹುದು. ಬಿ.ಪಿ.ಗೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಇಂಥ ಮಕ್ಕಳನ್ನು ಉಳಿಸುತ್ತದೆ ಎಂದು ತೋರಿಸಿದವರು ಯಾವ ಮಹಾನಗರದ ಪ್ರೊಫೆಸರೂ ಅಲ್ಲ, ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. ಅವರ ಬರಹಗಳನ್ನು 1980ರ ದಶಕದಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪ್ರಕಟಿಸಿತು. 2022ರಲ್ಲಿ ಪದ್ಮಶ್ರೀ ಬಂತು. ಹಳ್ಳಿಯ ಡಾಕ್ಟರಿಂದ ಜಗತ್ತು ಪಾಠ ಕಲಿತ ಉದಾಹರಣೆ ಇದು. ಆದರೂ ಸಭೆಗಳಲ್ಲಿ ನಾವು ಯಾವಾಗಲೂ ಕೆಳಗೆ ಕೂತವರು, ವೇದಿಕೆ ಬೇರೆಯವರದ್ದು.

ಇದನ್ನೆಲ್ಲ ರೈಲಿನಲ್ಲಿ ಹರಟುತ್ತಲೇ ಒಮ್ಮೆ ನಮ್ಮಲ್ಲೊಬ್ಬರು, ‘ನಾವೇ ಯಾಕೆ ಕೂತುಕೊಳ್ಳಬಾರದು?’ ಎಂದರು. ಅಂದಿನಿಂದ ತಿಂಗಳಿಗೊಮ್ಮೆ, ಗುರುವಾರ ರಾತ್ರಿ ಒಂಬತ್ತಕ್ಕೆ, ಕ್ಲಿನಿಕ್ ಮುಚ್ಚಿದ ಮೇಲೆ ಕುಡುಮಲಕುಂಟೆಯಲ್ಲಿ ಕೂರುತ್ತಿದ್ದೇವೆ. ಒಬ್ಬೊಬ್ಬರು ಒಂದು ರೋಗಿಯ ವಿಷಯ ತರಬೇಕು. ಹೆಸರು ಹೇಳುವಂತಿಲ್ಲ. ಗೆದ್ದ ಕಥೆಗಿಂತ ಗೊತ್ತಾಗದ ಕಥೆಗೆ ಮೊದಲ ಸರದಿ. ಚಹಾ, ಬೋಂಡಾ ಖರ್ಚು ಸರದಿಯಂತೆ. ಕಂಪೆನಿಯ ರೆಪ್‌ಗಳು ಬಂದರೆ ಚಹಾ ಕೊಟ್ಟು ಕಳಿಸುತ್ತೇವೆ. ಮೊದಲೆರಡು ತಿಂಗಳು ಎಲ್ಲರೂ ತಮ್ಮ ಜಾಣತನದ ಕಥೆಗಳನ್ನೇ ತಂದರು. ಮೂರನೇ ತಿಂಗಳು ಸಭೆಯ ಅತಿ ಹಿರಿಯರು, ‘ಈ ಹುಡುಗಿಗೆ ಎರಡು ಸಲ ರಕ್ತ ಹೆಚ್ಚುವ ಮಾತ್ರೆ ಕೊಟ್ಟೆ, ಹಿಮೋಗ್ಲೋಬಿನ್ ಏಳು ದಾಟುತ್ತಿಲ್ಲ, ನನಗೆ ಗೊತ್ತಾಗುತ್ತಿಲ್ಲ’ ಎಂದರು. ಕೋಣೆ ಕ್ಷಣ ಹೊತ್ತು ಮೌನವಾಯಿತು. ಆಮೇಲೆ ಶುರುವಾದ ಮಾತು ಹನ್ನೊಂದೂವರೆಯಾದರೂ ನಿಲ್ಲಲಿಲ್ಲ. ಮಾತ್ರೆಯನ್ನು ಅವಳು ಹೇಗೆ ನುಂಗುತ್ತಾಳೆ ಎಂದು ಕೇಳಿದ್ದು ನಮ್ಮ ಮಹಿಳಾ ಸಹೋದ್ಯೋಗಿ. ಊಟದ ಬಿಡುವಿನಲ್ಲಿ ಚಹಾದ ಜೊತೆ. ಚಹಾ ಕಬ್ಬಿಣದಂಶವನ್ನು ಮೈಗೆ ಹಿಡಿಯಗೊಡುವುದಿಲ್ಲ ಎಂಬುದು ಪುಸ್ತಕದಲ್ಲಿದೆ. ಕೆಲಸದ ನಡುವೆ ಶೌಚಕ್ಕೆ ಏಳುವುದು ಕಷ್ಟವೆಂದು ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ, ಮುಟ್ಟಿನ ರಕ್ತಸ್ರಾವ ಹತ್ತು ದಿನ ನಿಲ್ಲದಿದ್ದರೂ ಗಂಡಸು ಡಾಕ್ಟರ ಮುಂದೆ ಬಾಯಿ ಬಿಟ್ಟಿಲ್ಲ ಎಂಬುದು ಪುಸ್ತಕದಲ್ಲಿಲ್ಲ.

ಇಂಥದ್ದು ಕರ್ನಾಟಕದಲ್ಲಿ ಹೊಸ ಕಲ್ಪನೆಯೇನೂ ಅಲ್ಲ. ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಆನೇಕಲ್ ಬಳಿಯ ಸಕಲವಾರದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರುಗಳಿಗೆ ಮನೋರೋಗದ ಚಿಕಿತ್ಸೆ ಕಲಿಸಿದರು. ಅದೇ ಅನುಭವದಿಂದ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಮುಂದೆ ಇಡೀ ದೇಶಕ್ಕೆ ಮಾದರಿಯಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 2006ರಲ್ಲಿ ಸಾಮಾನ್ಯ ವೈದ್ಯರಿಗಾಗಿ ದೂರಶಿಕ್ಷಣ ಆರಂಭಿಸಿದಾಗ ಅದರ ಉದ್ದೇಶವೇ ರೋಗಿಯನ್ನು ಬೇರೆಡೆಗೆ ಕಳಿಸುವುದು ಕಡಿಮೆಯಾಗಬೇಕು, ಇದ್ದಲ್ಲೇ ಗುಣವಾಗುವುದು ಹೆಚ್ಚಬೇಕು ಎಂಬುದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ‘ಎಕೋ’ ಎಂಬ ಕ್ರಮ ಶುರುಮಾಡಿದರು. ಅಲ್ಲಿ ಹಳ್ಳಿಯ ಡಾಕ್ಟರು ತನ್ನ ರೋಗಿಯ ವಿಷಯವನ್ನು ಪರದೆಯ ಮೇಲೆ ಮಂಡಿಸುತ್ತಾನೆ, ತಜ್ಞರೂ ಇತರ ಹಳ್ಳಿ ಡಾಕ್ಟರುಗಳೂ ಸೇರಿ ಚರ್ಚಿಸುತ್ತಾರೆ. ನಿಮ್ಹಾನ್ಸ್ ಕೂಡ ಇದನ್ನು ಅಳವಡಿಸಿಕೊಂಡಿದೆ. 2020ರ ಕೊರೋನಾ ದಿನಗಳ ನಂತರ ಪರದೆಯ ಮೇಲಿನ ಸಭೆ ನಮಗೂ ರೂಢಿಯಾಗಿದೆ. ಬಹುತೇಕ ಅದೇ ಹಳೆಯ ಭಾಷಣ, ಊಟವೊಂದಿಲ್ಲ. ಕ್ಯಾಮೆರಾ ಆರಿಸಿ ರೋಗಿ ನೋಡುತ್ತಾ ಗಂಟೆ ತುಂಬಿಸಿಕೊಳ್ಳುವವರೂ ಇದ್ದಾರೆ.

ರಮಝಾನ್‌ಗೆ ಒಂದೂವರೆ ತಿಂಗಳ ಮುಂಚೆ ನಡೆದ ಒಂದು ಗುರುವಾರದ ಮಾತು ಇಲ್ಲಿ ಹೇಳಬೇಕು. ಹದಿಮೂರು ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮುಸ್ಲಿಂ ಸಕ್ಕರೆ ರೋಗಿಗಳನ್ನು ಕೇಳಿ ಮಾಡಿದ ‘ಎಪಿಡಯರ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ದೊಡ್ಡವರಿಗೆ ಬರುವ ಸಾಮಾನ್ಯ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ 79 ಶೇಕಡಾ ಮಂದಿ ಕನಿಷ್ಠ ಹದಿನೈದು ದಿನ ಉಪವಾಸ ಹಿಡಿಯುತ್ತಾರೆ ಎಂದು ಅದರಿಂದ ತಿಳಿಯಿತು. ಅಂದರೆ ಡಾಕ್ಟರು ಬೇಡವೆಂದರೂ ಬಹುಪಾಲು ಜನ ಹಿಡಿಯುವವರೇ. ಕೆಲವು ಡಾಕ್ಟರುಗಳು ‘ನೀವು ಉಪವಾಸ ಹಿಡಿಯಬೇಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅಜ್ಜಿ ತಲೆಯಾಡಿಸಿ ಹೋಗುತ್ತಾಳೆ, ಉಪವಾಸ ಹಿಡಿಯುತ್ತಾಳೆ, ಬೆಳಗಿನ ಮಾತ್ರೆಯನ್ನು ಸಹರಿಗೆ ನುಂಗುತ್ತಾಳೆ, ಮಧ್ಯಾಹ್ನ ಸಕ್ಕರೆ ಇಳಿದು ಬೀಳುತ್ತಾಳೆ. ಯಾರಿಗೆ ಉಪವಾಸ ನಿಜಕ್ಕೂ ಅಪಾಯ, ಉಳಿದವರಿಗೆ ಯಾವ ಮಾತ್ರೆಯನ್ನು ಇಫ್ತಾರಿಗೆ ಸರಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯ ಮಾರ್ಗಸೂಚಿ 2016ರಲ್ಲಿ ಬಂದು 2021ರಲ್ಲಿ ಪರಿಷ್ಕೃತವಾಗಿದೆ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ಮೀರಿದರೆ ಉಪವಾಸ ಬಿಡಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ನಮ್ಮ ಅಜ್ಜಿಯರಿಗೆ ಗೊತ್ತಿಲ್ಲದೆ ಇರುವುದು ಈ ಕೊನೆಯ ಮಾತೇ. ಅಂದು ಎಲ್ಲರೂ ಸೇರಿ ಒಂದು ಪುಟದ ಚೀಟಿ ಸಿದ್ಧಪಡಿಸಿ ಕನ್ನಡದಲ್ಲೂ ಉರ್ದುವಿನಲ್ಲೂ ಜೆರಾಕ್ಸ್ ಮಾಡಿಸಿದೆವು. ಅದನ್ನು ಹೆಚ್ಚು ಹಂಚಿದವರು ನಮ್ಮ ಹಿಂದೂ ಸಹೋದ್ಯೋಗಿ. ಅವರ ಕ್ಲಿನಿಕ್ ಮಸೀದಿಯ ಬೀದಿಯಲ್ಲಿದೆ.

ನಮ್ಮಲ್ಲೇ ಬಗೆಹರಿಯದ ಜಗಳವೂ ಒಂದಿದೆ. ಊರಿನಲ್ಲಿ ಯುನಾನಿ ಓದಿದವರು, ಆಯುರ್ವೇದ ಓದಿದವರು ಇದ್ದಾರೆ. ಯಾವುದನ್ನೂ ಓದದೆ ಇಂಜೆಕ್ಷನ್ ಚುಚ್ಚುವ ‘ಆರ್.ಎಂ.ಪಿ.’ಗಳೂ ಇದ್ದಾರೆ. ಚೇಳು ಕಡಿದ ಮಗು ಮೊದಲು ಹೋಗುವುದು ಎಷ್ಟೋ ಸಲ ಅವರ ಬಳಿಗೇ. ಅವರನ್ನೂ ಗುರುವಾರಕ್ಕೆ ಕರೆಯಬೇಕೇ? ಡಿಗ್ರಿಯಿಲ್ಲದವರನ್ನು ಕೂರಿಸಿಕೊಂಡರೆ ಅವರಿಗೆ ನಾವೇ ಮುದ್ರೆ ಒತ್ತಿದಂತೆ ಎಂದು ಕೆಲವರು. ಕೂರಿಸದಿದ್ದರೆ ಮಗು ತಡವಾಗಿ ನಮ್ಮಲ್ಲಿಗೆ ಬರುತ್ತದೆ ಎಂದು ಕೆಲವರು. ಈ ಜಗಳ ಸಾವಿರ ವರ್ಷಕ್ಕೂ ಹಳೆಯದು. ಬಾಗ್ದಾದಿನಲ್ಲಿ ಕ್ರಿ.ಶ. 931ರಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತಾಗ, ಪರೀಕ್ಷೆಯಿಲ್ಲದೆ ಯಾರೂ ವೈದ್ಯ ಮಾಡಕೂಡದೆಂದು ಖಲೀಫ ಮುಕ್ತದಿರ್ ಆಜ್ಞೆ ಹೊರಡಿಸಿ, ಸಿನಾನ್ ಇಬ್ನ್ ಸಾಬಿತ್‌ರನ್ನು ಪರೀಕ್ಷಕರಾಗಿ ನೇಮಿಸಿದ. ಎಂಟುನೂರಕ್ಕೂ ಮಿಕ್ಕಿ ವೈದ್ಯರು ಬಂದರಂತೆ. ಅವರಲ್ಲಿ ಒಬ್ಬ ಗಂಭೀರ ಮುದುಕ ಹೊನ್ನಿನ ಚೀಲವನ್ನು ಮುಂದಿಟ್ಟು, ತನಗೆ ಓದು ಬರಹ ಬಾರದು, ಸಂಸಾರ ದೊಡ್ಡದು, ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಬೇಡಿಕೊಂಡ. ಗೊತ್ತಿಲ್ಲದ ರೋಗಕ್ಕೆ ಕೈ ಹಾಕಬಾರದು, ಸಣ್ಣಪುಟ್ಟದ್ದಕ್ಕಲ್ಲದೆ ರಕ್ತ ತೆಗೆಯುವುದಾಗಲಿ ಭೇದಿ ಮಾಡಿಸುವುದಾಗಲಿ ಕೂಡದು ಎಂಬ ಷರತ್ತಿನ ಮೇಲೆ ಸಿನಾನ್ ಅವನನ್ನು ಬಿಟ್ಟರು. ಮರುದಿನ ಒಬ್ಬ ತರುಣ ಬಂದ. ಯಾರ ಬಳಿ ಕಲಿತೆ ಎಂದರೆ, ನಿನ್ನೆ ಬಂದಿದ್ದ ಮುದುಕನೇ ನನ್ನ ತಂದೆ ಎಂದ! ತಂದೆಯ ದಾರಿಯನ್ನು ಮೀರಬೇಡ ಎಂದು ಸಿನಾನ್ ಅವನನ್ನೂ ಕಳಿಸಿದರಂತೆ. ಈ ಕಥೆ ಹೇಳಿದಾಗ ನಮ್ಮಲ್ಲಿ ಅರ್ಧ ಜನ ಸಿನಾನ್ ಸರಿ ಎಂದರು. ಹೊನ್ನಿನ ಚೀಲ ಏನಾಯಿತು ಎಂದು ಉಳಿದರ್ಧ ಕೇಳಿದರು.

ಸದ್ಯಕ್ಕೆ ಯುನಾನಿ, ಆಯುರ್ವೇದದವರು ಬರುತ್ತಿದ್ದಾರೆ. ಮಿಕ್ಕವರಿಗೆ ಚೇಳು, ಹಾವಿನ ವಿಷಯ ಇರುವ ದಿನ ಮಾತ್ರ ಬನ್ನಿ ಎಂದಿದ್ದೇವೆ. ಮುಂಚೆ ಪಟ್ಟಿ ಕಟ್ಟಿ, ಗಾಯ ಕೊಯ್ದು ಕಳಿಸುತ್ತಿದ್ದ ಒಬ್ಬರು ಈ ಮಳೆಗಾಲದಲ್ಲಿ ಹಾವು ಕಡಿದ ಹುಡುಗನನ್ನು ಕೊಯ್ಯದೆ, ಕಟ್ಟದೆ, ಕಾಲು ಅಲುಗದಂತೆ ಹಲಗೆಗೆ ಬಿಗಿದು ನೇರ ಸರ್ಕಾರಿ ಆಸ್ಪತ್ರೆಗೆ ಬೈಕಿನಲ್ಲಿ ಕರೆದೊಯ್ದರು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆ ಹುಡುಗನ ಲೆಕ್ಕವೂ ಅದರಲ್ಲಿ ಸೇರಿರಬೇಕು. ಅವನು ಈಗ ಶಾಲೆಗೆ ಹೋಗುತ್ತಿದ್ದಾನೆ.

ನಮ್ಮ ಗುರುವಾರಗಳಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಮಾನ್ಯತೆ ಪಡೆದ ಸಂಸ್ಥೆ ನಡೆಸಿದ ಸಭೆಯ ಗಂಟೆಗಳಷ್ಟೇ ನೋಂದಣಿಗೆ ಬರುತ್ತವೆ. ಮಾನ್ಯತೆಗೆ ಅರ್ಜಿ ಹಾಕಲು ಸಂಘ, ರಿಜಿಸ್ಟ್ರೇಷನ್, ಬ್ಯಾಂಕ್ ಖಾತೆ, ಭಾಷಣಕಾರರ ಪಟ್ಟಿ ಎಲ್ಲ ಬೇಕಾದೀತು. ಹಾಗೆ ಮಾಡಿದರೆ ಅಧ್ಯಕ್ಷ ಯಾರು, ಕಾರ್ಯದರ್ಶಿ ಯಾರು ಎಂಬ ಮಾತು ಬರುತ್ತದೆ, ಆಮೇಲೆ ಪ್ರಾಯೋಜಕರು ಬರುತ್ತಾರೆ ಎಂದು ನಮ್ಮ ಹಿರಿಯರಿಗೆ ಹೆದರಿಕೆ. ಗಂಟೆ ಸಾಲದೆ ನೋಂದಣಿ ನಿಂತರೆ ಗುರುವಾರ ಯಾರಿಗೆ ಬೇಕು ಎಂದು ಕಿರಿಯರ ವಾದ. ನಮ್ಮಲ್ಲಿ ಮೂವರ ನವೀಕರಣ ಬರುವ ವರ್ಷ ಇದೆ, ಒಬ್ಬರಿಗೆ ಇನ್ನೂ ಹನ್ನೊಂದು ಗಂಟೆ ಬಾಕಿ.